ಬೆಳ್ಳಕ್ಕನ ಗೋಡೆ

2011ರ ಜುಲೈ 14, ಗುರುವಾರ, ಬೆಳಿಗ್ಗೆ 9.20. ನಾವುಂದದ ಅಪ್ಪಿ ಠಾಣೆಯ ಮೆಟ್ಟಿಲು ಹತ್ತಿ ಬಂದಾಗ ಅವಳ ಅಂಗೈಯಲ್ಲಿ ಅರಿಶಿನ ಇನ್ನೂ ಹಸಿಯಾಗಿತ್ತು. ಸತ್ತ ತಾಯಿಯನ್ನು ಮೀಯಿಸುತ್ತಿದ್ದವಳು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದಳು.

"ಕೂಕಣಿ ಅಕ್ಕಾ," ಎಂದಳು ಕಾನ್‌ಸ್ಟೇಬಲ್ ಗಿರಿಜಾ.

"ಕೂಕಂಬ್ಕೆ ಬಂದದ್ದಲ್ಲ. ಅಬ್ಬಿನ ಮೀಸುಕಂದ್ ಮಗ್ಗುಲ್ ತಿರ್ಗ್ಸ್ದೆ. ಬೆನ್ನಗೆ ನನ್ನ ಮುಷ್ಟಿ ಹೋಪಷ್ಟ್ ಹುಣ್ಣ್. ಎಲುಬ್ ಕಾಂತಿತ್ತ್."

"ಆರೈಕೆ ಮನೆಯವ್ರ್ ಎಂತ ಹೇಳ್ತ್ರ್?"

"ಎರ್ಡೆರ್ಡ್ ಗಂಟಿಗೆ ತಿರ್ಗ್ಸಿತ್, ಪುಸ್ತಕದಗೆ ಬರ್ದಿತ್ ಅಂಬ್ರ್. ಹೆಣ ಎತ್ತುಕೆ ಊರೇ ಕಾಯ್ತಾ ಇತ್ತ್, ನಾ ಬಿಡ್ಲಿಲ್ಲ. ಅಲ್ಲಿ ಬಿಟ್ಟದ್ದ್ ನಾನೇ ಅಲ್ದಾ? ಎಂತ ಆಯ್ತ್ ಅಂದ್ ನಂಗೆ ಗೊತ್ತಾಯ್ಕ್."

ಪಿಎಸ್‌ಐ ಶೈಲೇಶ್ ಎಫ್‌ಐಆರ್ ದಾಖಲಿಸಿ ಶವವನ್ನು ಮರಣೋತ್ತರ ಪರೀಕ್ಷೆಗೆ ಕಳಿಸಿದರು. ಮಧ್ಯಾಹ್ನ ವೈದ್ಯರು ಫೋನಿನಲ್ಲೇ ಹೇಳಿದರು: ಮಗ್ಗುಲು ಬದಲಿಸದೆ ದಿನಗಟ್ಟಲೆ ಮಲಗಿ ಆದ ಹುಣ್ಣು, ನಂಜು ರಕ್ತಕ್ಕೇರಿ ಸಾವು.

ಮೂರು ಗಂಟೆಗೆ ಶೈಲೇಶ್ ಗಿರಿಜಾಳನ್ನೂ ಪಂಚರನ್ನೂ ಅಪ್ಪಿಯನ್ನೂ ಕರೆದುಕೊಂಡು ಮರವಂತೆಯ ಸಂಜೆದೀಪ ಆರೈಕೆ ಮನೆಗೆ ಹೋದರು. ಅಲ್ಲಿ ಹದಿನೆಂಟು ಹಾಸಿಗೆ. ಪ್ರತಿ ಹಾಸಿಗೆಗೂ ಕರೆಯಲು ಒಂದು ಗಂಟೆ. ಕಡಲು ಮನೆಯ ಹಿಂದೆಯೇ ಕಲ್ಲಿನ ಮೇಲೆ ಅಪ್ಪಳಿಸುತ್ತಿತ್ತು. ಉಸ್ತುವಾರಿ ನರ್ಸ್ ಅಮಿತಾ ಕಡತ ತಂದಿಟ್ಟಳು. ಮೇಲಿನ ಹಾಳೆ ಜುಲೈ 6ರ ಮೌಲ್ಯಮಾಪನ ವರದಿ. 'ಆರೈಕೆಯ ಗುಣಮಟ್ಟ: ಅತ್ಯುತ್ತಮ.' ಅದರ ಕೆಳಗೆ ಮಗ್ಗುಲು ಬದಲಿಸಿದ ಪಟ್ಟಿ. ದಿನಕ್ಕೆ ಹನ್ನೆರಡು ಸಲ, ಒಂದು ಚೌಕವೂ ಖಾಲಿಯಿಲ್ಲ. ಪ್ರತಿ ಚೌಕದಲ್ಲೂ ಸೀತು ಎಂಬ ಆಯಾಳ ಸಹಿ.

"ತಪಾಸಣೆಗೆ ಬಂದವರು ಹಾಸಿಗೆ ನೋಡಿದ್ರಾ?"

"ಪಟ್ಟಿ ನೋಡಿದ್ರ್ ಸಾರ್."

"ಸೀತು ಎಲ್ಲಿ?"

"ರಜೆಯಗಿತ್ತ್."

ಅಪ್ಪಿಯ ತಾಯಿ ಬೆಳ್ಳಕ್ಕನ ಮಂಚ ಕೊನೆಯ ಕೋಣೆಯಲ್ಲಿತ್ತು. ಬಲಮಗ್ಗುಲಿಗೆ ಗೋಡೆ. ಲಕ್ವ ಹೊಡೆದು ಮಾತು ಹೋದ ಮೇಲೆ ಮುದುಕಿಗೆ ಉಳಿದದ್ದು ಬಲಗೈ ಒಂದೇ. ಬಾಗಿಲಲ್ಲಿ ಗಿರಿಜಾಳ ಕಾಲು ನಿಂತಿತು. ಹೊಸದಾಗಿ ಬಳಿದ ಬಿಳಿ ಬಣ್ಣದ ಒಳಗಿನಿಂದ ಕೆಂಪು ಗೀಟುಗಳು ಸಾಲುಸಾಲಾಗಿ ಮೇಲೆದ್ದು ಬಂದಿದ್ದವು. ಹೇಳದೆ ಉಳಿದ ಮಾತು ಗೋಡೆಯಲ್ಲಿ ಬೆವರುತ್ತದೆ ಎಂದು ಅಜ್ಜಿ ಹೇಳುತ್ತಿದ್ದ ಕತೆಯೊಂದು ಅವಳಿಗೆ ನೆನಪಾಯಿತು.

"ಮೊನ್ನೆ 5ನೇ ತಾರೀಕಿಗೆ ಬಣ್ಣ ಬಳ್ದದ್ದ್," ಎಂದಳು ಅಮಿತಾ, ಒಳಗೆ ಕಾಲಿಡದೆ. "ಎರ್ಡೇ ದಿನದಗೆ ಮತ್ತೆ ಬಂತ್. ಅಡುಗೆಯವ್ಳ್ ಗಂಜಿ ಇಟ್ಟ್ ಓಡತಿತ್ತ್, ಬೇರೆ ಯಾರೂ ಈ ಕೋಣಿಗೆ ಬತ್ತಿರ್ಲಿಲ್ಲ."

ಶೈಲೇಶ್ ಉಗುರಿನಿಂದ ಕೆರೆದು ಮೂಸಿದರು. "ಎಲೆಯಡಿಕೆ ರಸ. ಈ ಮಳೆಗಾಲದ ಪಸೆಗೆ ಯಾವ ಬಣ್ಣವೂ ಇದನ್ನ ತಡೆಯೂದಿಲ್ಲ."

"ಕುಟ್ಟಿದ ಎಲೆಯಡಿಕೆ ನಾನೇ ಆಯ್ತಾರ ಆಯ್ತಾರ ತಂದ್ ಕೊಡ್ತಿದ್ದೆ. ಒಳ್ಗೆ ಬಿಡ್ತಿರ್ಲಿಲ್ಲ, ಜಗಲಿಯಗೇ ಕೊಟ್ ಹೋಯ್ತಿದ್ದೆ," ಎಂದ ಅಪ್ಪಿ ಮಂಚದ ಬದಿಗೆ ಕೂತಳು. ಅವಳ ಬೆರಳು ಸಾಲಿನ ಮೇಲೆ ಸರಿಯಿತು. "ಸಾರ್, ಇದ್ ಹೆಡ್ಗಿ ಲೆಕ್ಕ. ಅಬ್ಬಿಗೆ ಓದುಕೆ ಬರೀಕೆ ಬತ್ತಿಲ್ಲೆ. ಮೀನ್ ಇಳ್ಸತಿಗೆ ಒಂದ್ ಹೆಡ್ಗಿಗೆ ಒಂದ್ ಗೀಟ್ ಎಳಿತಿತ್ತ್. ದಿನಕ್ಕೊಂದ್ ಸಾಲ್. ಮೀನೇ ಬಾರದಿದ್ ದಿನ ಬರೀ ಚುಕ್ಕಿ."

"ಇಲ್ಲಿ ಮೀನಿನ ಬುಟ್ಟಿ ಎಲ್ಲಿತ್ತು?"

ಗಿರಿಜಾ ಸಾಲು ಎಣಿಸತೊಡಗಿದಳು. ಬೆಳ್ಳಕ್ಕ ಸೇರಿದ್ದು ಜೂನ್ 3ಕ್ಕೆ. ಮೊದಲ ಹದಿನೇಳು ಸಾಲಿನಲ್ಲಿ ಹತ್ತು, ಹನ್ನೊಂದು, ಹತ್ತು ಗೀಟು. ಹದಿನೆಂಟನೆಯದರಲ್ಲಿ ಎರಡು. ಅಲ್ಲಿಂದ ಒಂದು, ಒಂದು, ಚುಕ್ಕಿ. ಬಣ್ಣದ ಮೇಲೆ ಹೊಸದಾಗಿ ಎಳೆದದ್ದು ಎಂಟು ಸಾಲು: ಎರಡು ಗೀಟು, ಆರು ಚುಕ್ಕಿ.

"ಜೂನ್ 20ಕ್ಕೆ ಎಂತದೋ ಆಯ್ದ್ ಸಾರ್," ಎಂದಳು ಗಿರಿಜಾ.

ಗೋಡೆಯ ಫೋಟೊ ತೆಗೆದು, ಪಂಚನಾಮೆ ಬರೆದು, ಪಟ್ಟಿಯನ್ನು ವಶಪಡಿಸಿಕೊಂಡರು.

ಮರುದಿನ ಬೆಳಿಗ್ಗೆ 10.15ಕ್ಕೆ ಬೈಂದೂರಿನ ಮನೆಯಲ್ಲಿ ಸೀತು ಸಿಕ್ಕಿದಳು. ಕಾಲಿಗೆ ಪ್ಲಾಸ್ಟರ್.

"ಯಾವತ್ತ್ ಬಿದ್ದದ್ದ್?"

"ಜೂನ್ 19ಕ್ಕೆ ಸಂಜೆ. ಮತ್ತೆ ಆ ಬದಿಗೆ ಹೋಯ್ಲೇ ಇಲ್ಲೆ."

ಗಿರಿಜಾ ಪಟ್ಟಿ ತೋರಿಸಿದಳು. ಜುಲೈ 13ರವರೆಗೂ ಸೀತುವಿನ ಸಹಿ ಇತ್ತು.

"ಅಯ್ಯೊ ದೇವ್ರೇ, ಇದ್ ನಂದಲ್ಲ! ನಾ ರಾತ್ರಿ ಹಗಲ್ ಅಲ್ಲೇ ಇಪ್ಪತಿಗೆ ತಿರ್ಗ್ಸ್ತಿದ್ದೆ. ತಿರ್ಗ್ಸಿದ ಕೂಡ್ಲೇ ಅಜ್ಜಿ ಒಂದ್ ಗೀಟ್ ಎಳಿತಿತ್ತ್. 'ನಂಗೇ ಹಾಜರಿ ಹಾಕ್ತ್ಯಾ?' ಅಂದ್ರೆ ನೆಗಾಡ್ತಿತ್ತ್. ಅಮಿತಕ್ಕಂಗೂ ಹೇಳಿದ್ದೆ."

ಅಂದರೆ ಅಮಿತಾಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಣ್ಣ ಬಳಿಸಿದ್ದಳು.

12.40ಕ್ಕೆ ನಿರ್ಲಕ್ಷ್ಯದಿಂದ ಸಾವು ಮತ್ತು ಸುಳ್ಳು ದಾಖಲೆ ಸೃಷ್ಟಿಯ ಆರೋಪದ ಮೇಲೆ ಅವಳನ್ನು ಬಂಧಿಸಲಾಯಿತು. ಆಳು ಬೇಕೆಂದು ಅವಳು ಮೂರು ಬಾರಿ ಬರೆದ ಕಾಗದಕ್ಕೆ ಉತ್ತರವನ್ನೇ ಕೊಡದ ಮಾಲೀಕ ಜಿತೇಂದ್ರ ಎರಡನೇ ಆರೋಪಿ. ಅವನನ್ನು ಹಿಡಿಯಲು ಇನ್ನೊಂದು ತಂಡ ಹೊರಟಿತ್ತು.

ಅಮಿತಾ ಅಳಲಿಲ್ಲ. ಆರೈಕೆ ಮನೆಯ ಜಗಲಿಯ ಬೆಂಚಿನಲ್ಲಿ ಕೂತು, ಕೇಳದೆಯೇ ಹೇಳಿದಳು.

"ಸೀತು ಹೋದ್ ಮೇಲೆ ಹದಿನೆಂಟ್ ಜನಕ್ಕೆ ನಾನೊಬ್ಳೇ. ಪಟ್ಟಿ ಖಾಲಿ ಕಂಡ್ರೆ ಮನೆ ಮುಚ್ಚತ್ರ್ ಅಂದ್ ಬರ್ದೆ. ಗಂಟೆ ಹೊಡ್ದವ್ರ ಹತ್ರ ಓಡ್ತಿದ್ದೆ. ಬೆಳ್ಳಕ್ಕ ಒಂದ್ ದಿನವೂ ಹೊಡೀಲಿಲ್ಲ. ಸುಮ್ನೆ ಲೆಕ್ಕ ಇಟ್ರ್. ಬಣ್ಣದಡಿಯಿಂದ ಅದ್ ಮತ್ತೆ ಬಂದದ್ದ್ ಕಂಡ್ ಮೇಲೆ ಒಳ್ಗೆ ಹೋಪುಕೆ ಕಾಲೇ ಬರ್ಲಿಲ್ಲ. ಕಡೇ ದಿನ ಹೋಯ್ದೆ. ಬಾಗಿಲ್ ತನ್ಕ. ಅವ್ರ್ ನನ್ನನ್ನೇ ಕಂಡ್ರ್." ಅವಳು ಗಿರಿಜಾಳ ಕಡೆ ತಿರುಗಿದಳು. "ಆ ದಿನಕ್ಕೆ ಅವ್ರ್ ಗೋಡಿಯಗೆ ಎಂತ ಹಾಕಿರ್?"

ಸುಳ್ಳು ಹೇಳಬಹುದೆಂದು ಗಿರಿಜಾಳಿಗೆ ಒಂದು ಕ್ಷಣ ಅನಿಸಿತು.

"ಚುಕ್ಕಿ," ಎಂದಳು.

ಒಳಗೆ ಯಾರೋ ಗಂಟೆ ಹೊಡೆದರು. ಅಮಿತಾ ಥಟ್ಟನೆ ಎದ್ದಳು. ಶೈಲೇಶ್ ಅವಳ ಭುಜ ಹಿಡಿದು ಜೀಪಿನ ಕಡೆ ತಿರುಗಿಸಿದರು.

ಗಂಟೆ ಇನ್ನೊಮ್ಮೆ ಬಾರಿಸಿತು. ಗಿರಿಜಾ ಟೋಪಿ ತೆಗೆದು ಬೆಂಚಿನ ಮೇಲಿಟ್ಟು, ತೋಳು ಮಡಚಿಕೊಂಡು ಒಳಗೆ ಹೋದಳು.