ವರಿ ಎಂಬ ಮಾತು

ಕಿಟ್ ಹಾರ್ಕರ್ ಕಲ್ಲುಗೋಡೆಯ ಆಚೆ ನಿಂತು ಹೇಳಿದ್ದು ಒಂದೇ ಮಾತು. "ಟೀಚರ್, ನಿಮ್ಮ ನಾಯಿ ನನ್ನ ಕುರಿಗಳನ್ನ ವರಿ ಮಾಡ್ತಿದೆ."

ಟಾಮ್ಸಿನ್‌ಗೆ ನಗು ಬಂತು. ಇಂಗ್ಲೆಂಡಿನ ಉತ್ತರದ ಸ್ವೇಲ್‌ಡೇಲ್ ಕಣಿವೆಯ ಶಾಲೆಗೆ ಬಂದು ಅವಳು ಕಳೆದದ್ದು ಒಂದು ಚಳಿಗಾಲ ಮಾತ್ರ. ಇಲ್ಲಿನ ಕುರಿ ಸಾಕುವವರ ಗಡಸು ಮಾತು ಇನ್ನೂ ಪೂರ್ತಿ ಒಗ್ಗಿರಲಿಲ್ಲ.

"ಡಫ್ ಪಾಪದ್ದು, ಏನೂ ಮಾಡಲ್ಲ. ವರಿ ಮಾಡ್ಕೋಬೇಡಿ ಅಂತ ನಿಮ್ಮ ಕುರಿಗಳಿಗೆ ಹೇಳಿ, ಮಿಸ್ಟರ್ ಹಾರ್ಕರ್," ಎಂದಳು, ಕಣ್ಣಂಚಿನಲ್ಲೇ ಕೆಣಕುತ್ತ.

ಅವನು ನಗಲಿಲ್ಲ. ಬೂದುಗಣ್ಣುಗಳು ಅವಳ ಮುಖದ ಮೇಲೆ ಗಳಿಗೆ ಹೊತ್ತು ನಿಂತವು. ಅವುಗಳಲ್ಲಿ ಕೋಪಕ್ಕಿಂತ ಕನಿಕರವೇ ಹೆಚ್ಚಿತ್ತು. ಟೋಪಿ ಸರಿಮಾಡಿಕೊಂಡು ಗುಡ್ಡ ಹತ್ತಿ ಹೋದ.

ಮರುದಿನ ಸ್ಟಾಫ್ ರೂಮಿನಲ್ಲಿ ಇದನ್ನೇ ತಮಾಷೆಯಾಗಿ ಹೇಳಿದಾಗ ಹೆಡ್‌ಮಿಸ್ಟ್ರೆಸ್ ಮಿಸೆಸ್ ಕೋಟ್ಸ್ ಚಹಾದ ಕಪ್ಪನ್ನು ಕೆಳಗಿಟ್ಟರು. ನಾಯಿ ಕುರಿಯನ್ನು ವರಿ ಮಾಡುವುದೆಂದರೆ ಅಟ್ಟಿಸಿಕೊಂಡು ಹೋಗಿ, ಕುತ್ತಿಗೆಗೆ ಬಾಯಿ ಹಾಕಿ ಜಗ್ಗಾಡುವುದು ಎಂದರು. ಈಗ ಕುರಿಗಳು ಮರಿ ಹಾಕುವ ಕಾಲ. ಅಂಥ ನಾಯಿಗೆ ಗುಂಡು ಹೊಡೆದರೆ ಕಣಿವೆಯಲ್ಲಿ ಯಾರೂ ತಪ್ಪೆನ್ನುವುದಿಲ್ಲ, ಕಾನೂನೂ ಬಹುಮಟ್ಟಿಗೆ ರೈತನ ಕಡೆಗೇ ಇದೆ ಎಂದೂ ಹೇಳಿದರು.

ಡಫ್ ಟಾಮ್ಸಿನ್‌ಳ ಅಮ್ಮನ ನಾಯಿ. ಅಮ್ಮ ತೀರಿಕೊಂಡ ಮೇಲೆ ಬ್ರಿಸ್ಟಲ್‌ನ ಮನೆಯಿಂದ ಅವಳ ಜೊತೆ ಬಂದ ಜೀವವೆಂದರೆ ಅದೊಂದೇ.

ಅಂದಿನಿಂದ ಪಾಠದ ನಡುವೆ ಕಿಟಕಿಯಾಚೆ ಬೊಗಳುವ ಸದ್ದು ಕೇಳಿದರೆ ಸಾಕು, ಅವಳ ಕೈಯಲ್ಲಿದ್ದ ಚಾಕ್ ನಿಂತುಬಿಡುತ್ತಿತ್ತು. ಕಿಟ್‌ನ ಕ್ಷಮೆ ಕೇಳಲು ಎರಡು ಸಲ ಹೊರಟು ಎರಡು ಸಲವೂ ದಾರಿಯಲ್ಲೇ ಹಿಂತಿರುಗಿದಳು. ಕೊನೆಗೆ ಬಂದವನು ಅವನೇ. ಕರೆಯದೆ ಬಂದು ಅವಳ ಹಿತ್ತಿಲಿನ ಗೋಡೆಯ ಸಂದುಗಳಿಗೆ ಕಲ್ಲು ಕೂರಿಸತೊಡಗಿದ. ಡಫ್ ತಪ್ಪಿಸಿಕೊಂಡು ಹೋಗದಿರಲಿ ಅಂತಷ್ಟೇ ಎಂದ. ಆದರೆ ಅವಳು ಚಹಾ ತಂದಾಗಲೆಲ್ಲ ಕೈಯಲ್ಲಿದ್ದ ಕಲ್ಲನ್ನು ಎಲ್ಲಿಡಬೇಕೆಂಬುದೇ ಅವನಿಗೆ ಮರೆತುಹೋಗುತ್ತಿತ್ತು.

ಒಂದು ಸಂಜೆ ಅವಳು ಅವನಿಗೆ, ವರಿ ಎಂಬ ಮಾತನ್ನು ಡಿಕ್ಷನರಿಯಲ್ಲಿ ಹುಡುಕಿದೆನೆಂದು ಹೇಳಿದಳು. ಸಾವಿರ ವರ್ಷದ ಹಿಂದೆ ಅದಕ್ಕೆ ಕತ್ತು ಹಿಸುಕುವುದು ಎಂದೇ ಅರ್ಥವಂತೆ. ಆಮೇಲೆ ಅದು ತೋಳ, ನಾಯಿಗಳ ಹಲ್ಲಿಗೆ ಬಂತು. ಆಮೇಲೆ ಮನುಷ್ಯರು ಒಬ್ಬರನ್ನೊಬ್ಬರು ಕಾಡುವುದಕ್ಕೂ ಅದೇ ಮಾತಾಯಿತು. ತನ್ನಷ್ಟಕ್ಕೆ ತಾನೇ ಕೊರಗುವುದು ಎಂಬ ಅರ್ಥ ಎಲ್ಲಕ್ಕಿಂತ ಈಚಿನದು, ಅದಕ್ಕೆ ಇನ್ನೂರು ವರ್ಷವೂ ಸರಿಯಾಗಿ ಆಗಿಲ್ಲ.

ಕಿಟ್ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. "ಅರ್ಥ ಬದಲಾಗಿದೆ ಅಂತ ನನಗನ್ನಿಸಲ್ಲ, ಟೀಚರ್. ನನಗೂ ಇಲ್ಲೇ ಹಿಡಿಯೋದು," ಎಂದು ಗಂಟಲು ಮುಟ್ಟಿಕೊಂಡ.

"ಯಾವಾಗ?"

"ನಿಮ್ಮನೆ ದೀಪ ಹತ್ತೋದು ತಡ ಆದಾಗ."

ಅವನ ಕಿವಿ ಕೆಂಪಾಗಿದ್ದನ್ನು ನೋಡಿ, ಅವಳು ನೋಡದವಳಂತೆ ಖಾಲಿ ಕಪ್ಪನ್ನು ಎತ್ತಿಕೊಂಡಳು.

ಶನಿವಾರ ಬೆಳಿಗ್ಗೆ ಕಣಿವೆ ತುಂಬ ಮಂಜು. ಟಾಮ್ಸಿನ್ ಸೌದೆ ಎತ್ತಿಕೊಂಡು ತಿರುಗುವಷ್ಟರಲ್ಲಿ ಹಿತ್ತಿಲ ಗೇಟು ಅರ್ಧ ತೆರೆದಿತ್ತು, ಡಫ್ ಇರಲಿಲ್ಲ. ಕೂಗುತ್ತ ಗುಡ್ಡದ ಕಡೆ ಓಡಿದಳು. ಮಂಜಿನೊಳಗಿಂದ ಕುರಿಗಳ ಗಾಬರಿಯ ಕೂಗು ಕೇಳಿತು. ಆಮೇಲೆ ಒಂದು ಗುಂಡಿನ ಸದ್ದು. ಆಮೇಲೆ ಏನೂ ಇಲ್ಲ.

ಅವಳ ಕಾಲು ಹುಲ್ಲಿನಲ್ಲಿ ಜಾರಿತು, ಮೊಣಕಾಲು ತರಚಿತು. ದೇವರೇ, ಅದು ಡಫ್ ಆಗದಿರಲಿ ಎಂದುಕೊಂಡಳು. ಹೊಡೆದವನು ಕಿಟ್ ಆಗದಿರಲಿ ಎಂದೂ ಅಂದುಕೊಂಡಳು. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರುತ್ತಿದ್ದೇನೆಂದು ಅವಳಿಗೇ ತಿಳಿಯಲಿಲ್ಲ.

ಮೇಲೆ ಕಿಟ್ ಹುಲ್ಲಿನ ಮೇಲೆ ಮಂಡಿಯೂರಿದ್ದ. ಬಂದೂಕು ಪಕ್ಕದಲ್ಲಿ ಬಿದ್ದಿತ್ತು. ಅವನು ಬೆಲ್ಟಿನಿಂದ ಬಿಗಿದು ಹಿಡಿದಿದ್ದ ಡಫ್ ಜೀವಂತವಾಗಿತ್ತು, ಬಾಲ ಆಡಿಸುತ್ತಿತ್ತು. ಅದರ ಬಾಯಿ ಮಾತ್ರ ರಕ್ತವಾಗಿತ್ತು. ಅತ್ತ ಒಂದು ತಾಯಿಕುರಿ ಸತ್ತು ಬಿದ್ದಿತ್ತು. ಅದರ ಮರಿ ನಿಲ್ಲಲಾರದೆ ತಾಯಿಯ ಹೊಟ್ಟೆಗೆ ಮೂತಿ ತೂರಿಸುತ್ತಿತ್ತು.

"ನನ್ನ ಗುರಿ ಯಾವತ್ತೂ ತಪ್ಪಿಲ್ಲ," ಎಂದ ಕಿಟ್. "ಇವತ್ತು ಆಕಾಶಕ್ಕೆ ಹೊಡೆದೆ. ಇನ್ನೊಂದು ಸಲ ಹಾಗೆ ಮಾಡೋಕೆ ನನ್ನ ಕೈಲಾಗಲ್ಲ. ಬೇರೆಯವರು ಒಂದು ಸಲವೂ ಮಾಡಲ್ಲ."

ಟಾಮ್ಸಿನ್ ಸತ್ತ ಕುರಿಯ ಪಕ್ಕ ಕುಸಿದು ಕುಳಿತಳು. ಡಫ್ ಪಾಪದ್ದು ಎಂದು ತಾನೇ ನಕ್ಕು ಹೇಳಿದ್ದಳಲ್ಲ. ಪೇಟೆಯಲ್ಲಿರುವ ತಂಗಿಯ ಮನೆಗೆ ಅದನ್ನು ಬಿಟ್ಟುಬರುತ್ತೇನೆ ಎಂದಳು, ಅಲ್ಲಿ ಕುರಿಗಳಿಲ್ಲ.

"ಅಮ್ಮನ ನಾಯಿ ಅಂದಿದ್ರಲ್ಲ," ಎಂದ ಅವನು ಮೆಲ್ಲಗೆ.

"ಹೂಂ."

"ಅದರ ಜೊತೆ ನೀವೂ ಅಲ್ಲೇ ಉಳಿದುಬಿಟ್ಟರೆ ನಾನು ತಪ್ಪು ತಿಳ್ಕೊಳಲ್ಲ." ಅವನು ಅವಳ ಕಡೆ ನೋಡಲಿಲ್ಲ. "ಆದ್ರೆ ಬಾ. ವಾಪಸ್ ಬಾ, ಟಾಮ್ಸಿನ್."

ಅವನು ಅವಳನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವಳು ಡಫ್‌ನ ಕುತ್ತಿಗೆಗೆ ಕೈಹಾಕಿ ಇಳಿದುಹೋದಳು. ಮಧ್ಯಾಹ್ನ ಅವಳ ಕಾರು ಸೇತುವೆ ದಾಟುವುದನ್ನು ಕಿಟ್ ಮೇಲಿಂದ ನೋಡಿದ.

ಭಾನುವಾರ ಪೂರ್ತಿ ಫೋನ್ ಬರಲಿಲ್ಲ.

ಸೋಮವಾರ ಶಾಲೆ ಬಿಟ್ಟ ಮೇಲೆ ಟಾಮ್ಸಿನ್ ಅವನ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದಳು. ಕೋಟಿನ ತುಂಬ ನಾಯಿಯ ಕೂದಲು, ಅತ್ತು ಊದಿದ ಕಣ್ಣು. ತಬ್ಬಲಿ ಮರಿಗೆ ಬಾಟಲಿಯಲ್ಲಿ ಹಾಲು ಕುಡಿಸುತ್ತಿದ್ದ ಕಿಟ್ ಎದ್ದುನಿಂತ.

"ಅಲ್ಲಿ ಇರೋಕಾಗಲಿಲ್ಲ, ಕಿಟ್. ಇಲ್ಲಿ ಬಂದು ಮುಖ ತೋರಿಸೋಕೂ ಭಯ."

"ನನಗೂ ಭಯ ಆಗಿತ್ತು," ಎಂದ ಅವನು.

ಅವಳು ಒಣಹುಲ್ಲಿನ ಮೇಲೆ ಕುಳಿತು ಕೈಚಾಚಿದಳು. ಅವನು ಮರಿಯನ್ನು ಅವಳ ಮಡಿಲಿಗಿಟ್ಟು, ಬಾಟಲಿಯನ್ನು ಹೇಗೆ ಓರೆ ಹಿಡಿಯಬೇಕೆಂದು ತೋರಿಸಿಕೊಟ್ಟ. ತೋರಿಸಿದ ಮೇಲೂ ಅವಳ ಕೈ ಮೇಲಿಟ್ಟ ತನ್ನ ಕೈಯನ್ನು ಅವನು ತೆಗೆಯಲಿಲ್ಲ.