ಒಳತಟ್ಟೆಯ ಗೀರುಗಳು

ಮಂಗಳವಾರ, 11-2-2025, ಬೆಳಿಗ್ಗೆ 9.40. ದಾವಣಗೆರೆ ಎಂ.ಸಿ.ಸಿ. 'ಬಿ' ಬ್ಲಾಕಿನ ಬಟ್ಟೆ ವ್ಯಾಪಾರಿ ಉಜ್ಜನಪ್ಪ ಠಾಣೆಗೆ ಬಂದು, ಮನೆಯಿಂದ ಹಡಗಿನ ಗಡಿಯಾರ ಕಳುವಾಗಿದೆ ಎಂದು ದೂರು ಕೊಟ್ಟರು. ಹೆಡ್ ಕಾನ್ಸ್‌ಟೇಬಲ್ ಸಣ್ಣಬೀರಪ್ಪ ಬರೆಯುವುದನ್ನು ನಿಲ್ಲಿಸಿ, ಯಾವ ಹಡಗು ಅಂತ ಕೇಳಿದ. ಇನ್ಸ್‌ಪೆಕ್ಟರ್ ಕೊಟ್ಟೂರೇಶ್ ನಗು ತಡೆದುಕೊಂಡರು. ಭದ್ರಾ ನಾಲೆಯೇ ದೊಡ್ಡ ನೀರೆನ್ನುವ ಊರಿಗೆ ಅಂಥ ಗಡಿಯಾರ ಎಲ್ಲಿಂದ ಬರಬೇಕು? ಬಂದಿತ್ತು. ಉಜ್ಜನಪ್ಪನವರ ಅಜ್ಜ ಮುಂಬಯಿಯ ಹರಾಜಿನಲ್ಲಿ ಕೊಂಡದ್ದು; ಹಿಂದೆ ನಾವಿಕರು ಸಮುದ್ರದ ನಡುವೆ ತಾವೆಲ್ಲಿದ್ದೇವೆಂದು ತಿಳಿಯಲು ನಂಬುತ್ತಿದ್ದ ಕ್ರೋನೋಮೀಟರ್. ಮುಂಬಯಿಯವನೊಬ್ಬ ಅದನ್ನು ಕೊಳ್ಳಲು ತುದಿಗಾಲಲ್ಲಿ ನಿಂತಿದ್ದ. ಎಫ್.ಐ.ಆರ್. ದಾಖಲಾಯಿತು.

11.15ಕ್ಕೆ ಸ್ಥಳ ಪಂಚನಾಮೆ. ಹಿಂದಿನ ದಿನ ಮನೆಯವರೆಲ್ಲ ಆವರಗೆರೆಯ ಮದುವೆಗೆ ಹೋಗಿದ್ದರು. ಹಿತ್ತಲ ಚಿಲಕ ಸರಿದಿತ್ತು. ಬೀರುವಿನ ಬಂಗಾರ ಇದ್ದ ಹಾಗೇ ಇತ್ತು. ಗಡಿಯಾರವಿದ್ದ ಮೇಜಿನ ಕೆಳಗೆ ಉಗುರಿನಷ್ಟು ಕಾರ್ಕಿನ ಚೂರು ಬಿದ್ದಿತ್ತು. ಬಾಟಲಿ ಮುಚ್ಚಳದ್ದಿರಬೇಕು ಎಂದ ಸಣ್ಣಬೀರಪ್ಪ.

"ನಮ್ಮ ಮನ್ಯಾಗ ಅಂಥ ಬಾಟ್ಲಿ ಬರಂಗಿಲ್ರಿ" ಎಂದು ಉಜ್ಜನಪ್ಪ ಮುಖ ಗಂಟಿಕ್ಕಿದರು.

ಕೊಟ್ಟೂರೇಶ್ ಚೂರನ್ನು ಹತ್ತಿರದ ವಾಚ್ ಅಂಗಡಿಗೆ ಒಯ್ದು ತೋರಿಸಿದರು. ಇಂಥ ಗಡಿಯಾರವನ್ನು ನಡೆಯುತ್ತಿರುವಾಗಲೇ ಎತ್ತಿಕೊಂಡು ಹೋದರೆ ಕೆಡುತ್ತದೆ, ಬಲ್ಲವರು ಒಳಚಕ್ರಕ್ಕೆ ಕಾರ್ಕಿನ ಚೂರು ಸಿಕ್ಕಿಸಿ ನಿಲ್ಲಿಸಿ ಒಯ್ಯುತ್ತಾರೆ ಎಂದು ಅಂಗಡಿಯವನು ಹೇಳಿದ. ಅಂದರೆ ಕದ್ದವನು ರಿಪೇರಿ ಬಲ್ಲವನು.

ಉಜ್ಜನಪ್ಪನವರ ಬಳಿ ಗಡಿಯಾರದ ಸರ್ವೀಸ್ ಪುಸ್ತಕವಿತ್ತು. 1960ರಿಂದ ನಾಲ್ಕು ವರ್ಷಕ್ಕೊಮ್ಮೆ ಒಂದು ಸಾಲು; ಮೊದಲು ಹರಿಹರದ ಇಮಾಮ್‌ಸಾಬ್, 1988ರಿಂದ ಅವನ ಮಗ ರಜಾಕ್. 2020ಕ್ಕೆ ಸಾಲು ನಿಂತಿತ್ತು. ಯಾಕೆಂದು ಕೇಳಿದಾಗ ಉಜ್ಜನಪ್ಪ ವಿವರಿಸಿದರು. ಕಳೆದ ವರ್ಷದ ಕೊನೆಗೆ ಸರ್ವೀಸಿನ ಸರದಿ ಬಂದಾಗ, ಒಳತಟ್ಟೆಯ ಮೇಲೆಲ್ಲ ಗೀರುಗಳಿವೆ, ತಿಕ್ಕಿಸಿ ಕೊಡಿ ಎಂದಿದ್ದ ಮುಂಬಯಿಯವನು. ರಜಾಕ್ ಒಲ್ಲೆ ಎಂದ. ಹಾಗಾದರೆ ಬೇರೆಯವರ ಕೈಲಿ ತಿಕ್ಕಿಸುತ್ತೇನೆಂದು ಅವನನ್ನು ಸಾಗಹಾಕಿದ್ದರು.

ಮಧ್ಯಾಹ್ನ 3.20, ಹರಿಹರ ಬಸ್ ನಿಲ್ದಾಣದ ಹಿಂದಿನ ಓಣಿ. ಗಡಿಯಾರವನ್ನು ರಜಾಕ್ ಬಚ್ಚಿಟ್ಟಿರಲಿಲ್ಲ. ಅವನ ಮೇಜಿನ ಮೇಲೇ ಅದು ಟಿಕ್ ಟಿಕ್ ಎನ್ನುತ್ತಿತ್ತು. ಅವನೇ ಹಿಂಬದಿ ಬಿಚ್ಚಿ ತೋರಿಸಿದ. ಇಬ್ಬರು ಪಂಚರ ಮುಂದೆ ಜಪ್ತಿ ಪಂಚನಾಮೆ ನಡೆಯಿತು. ಫೋಟೋದವನು ಗಡಿಯಾರದ ಮುಖ, ನಂಬರು, ಪೆಟ್ಟಿಗೆ ಮಾತ್ರ ಹಿಡಿದ. 'ಒಳತಟ್ಟೆಯಲ್ಲಿ ಅಲ್ಲಲ್ಲಿ ಹಳೆಯ ಗೀರುಗಳಿವೆ' ಎಂದು ಕೊಟ್ಟೂರೇಶ್ ಹೇಳಿದರು, ಸಣ್ಣಬೀರಪ್ಪ ಬರೆದ. ಸಹಿಯಾಯಿತು, ಅರಗಿನ ಮೊಹರು ಬಿತ್ತು. 5.45ಕ್ಕೆ ದಸ್ತಗಿರಿ.

ಠಾಣೆಯಲ್ಲಿ ಹೇಳಿಕೆ.

"ಮಾರಾಕ ಒಯ್ದಿದ್ದೇನು?"

"ಅಲ್ರಿ."

"ಮತ್ಯಾಕ?"

ರಜಾಕ್ ತಡೆದು ತಡೆದು ಹೇಳಿದ. ರಿಪೇರಿ ಮುಗಿಸಿದವರು ಒಳತಟ್ಟೆಯ ಮೇಲೆ ಸೂಜಿಯಿಂದ ತಮ್ಮ ಗುರುತು, ತಾರೀಕು ಗೀಚುವುದು ಕಸುಬಿನ ಪದ್ಧತಿ. 2012, 2016, 2020ರ ಗುರುತು ಅವನವಲ್ಲ. ಅವನ ಕೈ ನಡುಗಲು ಶುರುವಾಗಿ ಬಹಳ ವರ್ಷಗಳಾಗಿದ್ದವು. ಕೆಲಸವನ್ನೆಲ್ಲ ಮಗಳು ಖುರ್ಷೀದಾ ಪರದೆಯ ಹಿಂದೆ ಕೂತು ಮಾಡುತ್ತಿದ್ದಳು. ಹೆಣ್ಣುಮಗಳು ವಾಚು ಬಿಚ್ಚುತ್ತಾಳೆಂದು ತಿಳಿದರೆ ಗಿರಾಕಿ ಬರುವುದಿಲ್ಲವೆಂದು ಎಲ್ಲದರಲ್ಲೂ ತನ್ನ ಹೆಸರನ್ನೇ ಹಾಕುತ್ತಿದ್ದ. 2021ರ ಮೇ ತಿಂಗಳಲ್ಲಿ ಕೊರೋನಾ ಅವಳನ್ನು ಒಯ್ದಿತು.

"ಹನ್ನೆರಡು ವರ್ಷ ದುಡಿದ್ಳು ಸಾಹೇಬ್ರ. ಇದೊಂದ್ರಾಗ ಮಾತ್ರ ಹೆಸರು ಗೀಚಾಕ ಬಿಟ್ಟೆ, ಯಾರೂ ನೋಡಂಗಿಲ್ಲಲ್ಲ ಅಂತ. ಆಕಿ ಮಾಡ್ಯಾಳ ಅನ್ನಾಕ ಅದೊಂದೇ ಐತೆ."

ಕೊಟ್ಟೂರೇಶರಿಗೆ ತಾವೇ ಬರೆಸಿದ ಸಾಲು ನೆನಪಾಗಿ ನಾಚಿಕೆಯಾಯಿತು. ಮೊಹರು ಒಡೆಯುವ ಅಧಿಕಾರ ಅವರಿಗಿರಲಿಲ್ಲ. ಒಳತಟ್ಟೆಯ ಫೋಟೋ ತರಿಸಿಕೊಡುತ್ತೇನೆ ಎಂದು ಮಾತು ಕೊಟ್ಟರು. ಆರೋಪಿಗೆ ಮಾತು ಕೊಡಬಾರದೆಂದು ಇಪ್ಪತ್ತು ವರ್ಷದ ನೌಕರಿ ಅವರಿಗೆ ಕಲಿಸಿತ್ತು.

24ರಂದು ನ್ಯಾಯಾಲಯ ಗಡಿಯಾರವನ್ನು ಉಜ್ಜನಪ್ಪನವರ ಸುಪರ್ದಿಗೆ ಕೊಟ್ಟಿತು. ಕೇಸು ಮುಗಿಯುವವರೆಗೆ ಮಾರಕೂಡದು ಎಂಬ ಷರತ್ತಿತ್ತು. ತಿಕ್ಕಕೂಡದು ಎಂದು ಯಾರೂ ಬರೆದಿರಲಿಲ್ಲ. ಕೊಟ್ಟೂರೇಶ್ ಅಂದೇ ಫೋನು ಮಾಡಿ, ಒಳತಟ್ಟೆಯದೊಂದು ಫೋಟೋ ಕಳಿಸಿ ಎಂದು ಕೇಳಿಕೊಂಡರು. ಅದಕ್ಕೇನಂತೆ, ಚೆನ್ನಾಗಿರುವುದನ್ನೇ ಕಳಿಸುತ್ತೇನೆ ಎಂದರು ಉಜ್ಜನಪ್ಪ.

ನಾಲ್ಕನೇ ದಿನ ವಾಟ್ಸಾಪಿನಲ್ಲಿ ಫೋಟೋ ಬಂತು. ಹಿತ್ತಾಳೆಯ ತಟ್ಟೆ ಫಳಫಳ ಹೊಳೆಯುತ್ತಿತ್ತು. ಒಂದು ಗೀರೂ ಇರಲಿಲ್ಲ. ಕೆಳಗೆ ಉಜ್ಜನಪ್ಪ ಬರೆದಿದ್ದರು: 'ಇನ್ಸ್‌ಪೆಕ್ಟರ್ ಸಾಹೇಬ್ರು ಕೇಳ್ಯಾರ ಅಂತ ಮೊದ್ಲು ತಿಕ್ಕಿಸಿ ಆಮ್ಯಾಲೆ ಹಿಡಿಸಿದೆ ಸರ್.'

ಮರುವಾರ ನ್ಯಾಯಾಂಗ ಬಂಧನ ಮುಂದುವರಿಸಲು ರಜಾಕ್‌ನನ್ನು ನ್ಯಾಯಾಲಯಕ್ಕೆ ಕರೆತಂದಿದ್ದರು. ವರಾಂಡದಲ್ಲಿ ಕೊಟ್ಟೂರೇಶರನ್ನು ಕಂಡು ಅವನು ಹತ್ತಿರ ಬಂದ.

"ಫೋಟೋ ಬಂತೇನ್ರಿ?"

ಫೋನು ಅವರ ಜೇಬಿನಲ್ಲೇ ಇತ್ತು. "ಇನ್ನೂ ಇಲ್ಲ" ಎಂದರು.

"ಬರ್ತೈತೆ ಬಿಡ್ರಿ. ಉಜ್ಜನಪ್ಪನೋರು ದೊಡ್ಡ ಮಂದಿ, ಮಾತು ತಪ್ಪಂಗಿಲ್ಲ" ಎಂದು ಇನ್ಸ್‌ಪೆಕ್ಟರರಿಗೇ ಸಮಾಧಾನ ಹೇಳಿ ರಜಾಕ್ ವ್ಯಾನು ಹತ್ತಿದ.