ಗಂಟಿಲ್ಲದ ಕಟ್ಟು

"ಇಮ್ತಿಯಾಝ್‌ನ ಹೆಸರು ಇನ್ನೊಂದು ಸಲ ಎತ್ತಿದ್ರೆ ನೋಡು!"

"ಎತ್ತುತ್ತೇನೆ. ನೂರು ಸಲ ಎತ್ತುತ್ತೇನೆ. ಅವನ ಹತ್ತಿರ ಕೀಲಿ ಇತ್ತು. ಹೊಟ್ಟೆಯಲ್ಲಿ ಸಿಟ್ಟಿತ್ತು. ಇನ್ನೆಂತ ಬೇಕು ನಿನಗೆ?"

"ತಿಂಗಳುಗಟ್ಟಲೆ ಸಂಬಳ ಕೊಡದಿದ್ರೆ ನಿನಗೆ ಸಿಟ್ಟು ಬರುದಿಲ್ವಾ?"

"ಆ ಸಂಬಳಕ್ಕೆ ಬೇಕಾಗಿಯೇ ಅಲ್ವಾ ಮಾರಾಯ್ತಿ ಇವತ್ತು ಬೆಂಗಳೂರಿನವರು ಬರುದು! ಅವರಿಗೆ ಈಗ ಎಂತ ತೋರಿಸುದು? ಬರೀ ರೆಕ್ಕೆಯಾ?"

"ರೆಕ್ಕೆಯೇ ತೋರಿಸು. ಆದ್ರೆ ಅವನನ್ನು ಕಳ್ಳ ಅಂತ ಮಾತ್ರ ಹೇಳ್ಬೇಡ."

ಸಬ್ ಇನ್‌ಸ್ಪೆಕ್ಟರ್ ಸಬೀಹಾ ಬಾಗಿಲಲ್ಲಿ ನಿಂತು ಇಷ್ಟನ್ನೂ ಕೇಳಿದರು. ಬೂಟಿನಿಂದ ಬಾಗಿಲಿಗೊಂದು ಒದ್ದರು.

"ಜಗಳ ಮುಗಿಯಿತಾ? ಅಲ್ಲ, ನಾನು ಚಾ ಕುಡಿದು ಬರಬೇಕಾ?"

ನವ್ಯಶ್ರೀ, ಶಿವಕೃಷ್ಣ ಇಬ್ಬರೂ ಬಾಗಿಲ ಕಡೆ ತಿರುಗಿದರು.

ಮಿಜಾರಿನ ಹಳೆಯ ಗೇರುಬೀಜದ ಕಾರ್ಖಾನೆ ಅದು. ಒಳಗೆ ಈಗ ಡ್ರೋನ್ ಕಂಪನಿ. ಶತ್ರುಗಳು ಉಪಗ್ರಹದ ಸಂಕೇತವನ್ನು ಕೆಡಿಸಿದರೂ ದಾರಿ ತಪ್ಪದೆ ವಾಪಸು ಬರುವ ಡ್ರೋನ್. ಸೇನೆಗೆ ಮಾರಬೇಕೆಂದು ಮಾಡಿದ್ದು. ಶಿವಕೃಷ್ಣ ಕಂಪನಿಯ ಯಜಮಾನ, ಯಂತ್ರ ಅವನದು. ನವ್ಯಶ್ರೀ ಪಾಲುದಾರಳು, ಯಂತ್ರಕ್ಕೆ ದಾರಿ ಕಲಿಸುವ ತಂತ್ರಾಂಶ ಅವಳದು. ಇಮ್ತಿಯಾಝ್ ಅವರ ಕೆಲಸಗಾರ, ಸಂಬಳ ಸಿಗದೆ ಈಚೆಗೆ ಬಿಟ್ಟುಹೋದವನು. ಅಂದು ಮಧ್ಯಾಹ್ನ ಬೆಂಗಳೂರಿನ ಹೂಡಿಕೆ ಸಂಸ್ಥೆಯವರು ಬರುವವರಿದ್ದರು. ಹೊಸ ಕಂಪನಿಗಳಲ್ಲಿ ಪಾಲು ತೆಗೆದುಕೊಂಡು ಬಂಡವಾಳ ಹಾಕುವವರು. ಅವರಿಗಿಂತ ಮೊದಲು ಬಂದು ನೋಡಿ, ಬೇಡ ಎಂದು ಹೋದವರೇ ಹೆಚ್ಚು. ಯುದ್ಧದ ಸಾಮಾನಿಗೆ ಕೈ ಹಾಕುವುದಿಲ್ಲ ಎಂದವರು ಕೆಲವರು. ಸೇನೆಯ ಆರ್ಡರ್ ಬಂದ ಮೇಲೆ ಬನ್ನಿ ಎಂದವರು ಇನ್ನು ಕೆಲವರು. ಇವರೂ ಹೋದರೆ ಬಾಗಿಲು ಮುಚ್ಚುವುದೇ.

ಮೇಜಿನ ಮೇಲೆ ಡ್ರೋನ್ ಹೊಟ್ಟೆ ಬಿಚ್ಚಿಕೊಂಡು ಮಲಗಿತ್ತು. ಒಳಗಿನ ಬೋರ್ಡು, ಅಂದರೆ ಅದರ ಮಿದುಳು, ಇರಲಿಲ್ಲ. ರಾತ್ರಿ ಯಾರೋ ಹಿಂಬಾಗಿಲಿನ ಚಿಲಕ ಕಿತ್ತಿದ್ದರು.

"ಇದು ಯಾವುದು?" ಸಬೀಹಾ ಡ್ರೋನಿನ ಮೂತಿ ತೋರಿಸಿದರು.

"ಕತ್ತಲೆಯಲ್ಲೂ ನೋಡುವ ಕ್ಯಾಮೆರಾ," ಎಂದಳು ನವ್ಯಶ್ರೀ. "ಇದರಲ್ಲಿ ಅತಿ ಬೆಲೆಬಾಳುವುದು ಅದೇ ಮೇಡಂ."

"ಹೊರಗೆ ಮಾರಲಿಕ್ಕೆ ಆಗ್ತದಾ?"

"ನಾಳೆಯೇ ಆಗ್ತದೆ."

"ಕಳ್ಳ ಅದನ್ನು ಮುಟ್ಟಲೇ ಇಲ್ಲ."

ಶಿವಕೃಷ್ಣ ನಡುವೆ ಬಾಯಿ ಹಾಕಿದ. "ಸಾಧಾರಣ ಕಳ್ಳ ಅಲ್ಲ ಮೇಡಂ. ಬೋರ್ಡಿನ ಬೆಲೆ ಗೊತ್ತಿದ್ದವನು. ದೇಶದ ರಕ್ಷಣೆಯ ವಿಷಯ ಇದು. ಅವನು ಗಲ್ಫಿಗೆ ಹೊರಟಿದ್ದಾನೆ. ಅಲ್ಲಿ ಯಾರಿಗೆ ಕೊಡುತ್ತಾನೋ ಯಾರಿಗೆ ಗೊತ್ತುಂಟು?"

ಸಬೀಹಾಗೆ ಮೈ ಉರಿಯಿತು. ಸೇನೆಯ ಗುಟ್ಟು ಕದ್ದವನು ಎಂದು ಒಮ್ಮೆ ಠಾಣೆಯಲ್ಲಿ ಬರೆದರೆ ಇಮ್ತಿಯಾಝ್ ಎಂಬ ಹುಡುಗನ ಬದುಕು ಅಲ್ಲಿಗೇ ಮುಗಿಯಿತು. ವೀಸಾ ಹೋಗುತ್ತದೆ. ಆಮೇಲೆ ನಿರಪರಾಧಿ ಎಂದು ಕೋರ್ಟು ಹೇಳಿದರೂ ಊರು ಹೇಳುವುದಿಲ್ಲ.

"ದೂರು ಕೊಟ್ಟಿದ್ದೀರಿ. ತನಿಖೆ ನನಗೆ ಬಿಡಿ," ಎಂದು ಬಗ್ಗಿ ಡ್ರೋನಿನ ಹೊಟ್ಟೆಯೊಳಗೆ ಇಣುಕಿದರು.

ಬೋರ್ಡಿನಿಂದ ಬಿಡಿಸಿದ ವಯರುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಯಾರೋ ಅವನ್ನು ನೀಟಾಗಿ ಒಟ್ಟುಮಾಡಿ ಕಟ್ಟಿದ್ದರು. ಪಕ್ಕದಲ್ಲೇ, ಡ್ರೋನ್ ಇಳಿಸುವ ಪ್ಯಾರಾಶೂಟ್ ಹೊಲಿಯುವ ನೂಲಿನ ಉಂಡೆ ಇತ್ತು. ಅದೇ ನೂಲು. ಆದರೆ ಗಂಟಿಲ್ಲ. ಬಿಗಿಯಾಗಿ ಸುತ್ತಿ, ತುದಿಯನ್ನು ಸುತ್ತಿನ ಅಡಿಗೆ ನುಗ್ಗಿಸಿ ಎಳೆದಿದ್ದಷ್ಟೆ.

ಸಬೀಹಾರ ಹೆಬ್ಬೆರಳು ತನ್ನಷ್ಟಕ್ಕೆ ಅಲುಗಿತು. ಶಾಲೆ ಬಿಟ್ಟು ಬಂದ ಮೇಲೆ ಉಮ್ಮನ, ಅಂದರೆ ತಾಯಿಯ, ಪಕ್ಕ ಕುಳಿತು ಸಂಜೆಯಿಡೀ ಹೀಗೆ ಕಟ್ಟುತ್ತಿದ್ದದ್ದು ಆ ಬೆರಳಿಗೆ ಮರೆತಿರಲಿಲ್ಲ.

ಬೀಡಿಯ ಕಟ್ಟು.

"ನಿಮ್ಮಲ್ಲಿ ವಯರು ಯಾವುದರಿಂದ ಕಟ್ಟುದು?"

"ಪ್ಲಾಸ್ಟಿಕ್ ಪಟ್ಟಿಯಿಂದ," ಎಂದಳು ನವ್ಯಶ್ರೀ. "ಅದು ಮೊನ್ನೆ ಮುಗಿಯಿತು."

"ಇಮ್ತಿಯಾಝ್‌ನ ಮನೆ ಎಲ್ಲಿ?"

"ಬಂಟ್ವಾಳ. ಅವನ ತಾಯಿ ಬೀಡಿ ಕಟ್ಟುತ್ತಾರೆ. ಬಡವರು ಮೇಡಂ."

ಸಬೀಹಾ ವಿಳಾಸ ಬರೆದುಕೊಂಡರು. ನವ್ಯಶ್ರೀ ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದ ಹೊಸ ಕೋಟಿಗೆ ಕೈ ಹಾಕಿದಳು. "ಇದಕ್ಕೆ ಧೂಳು ಹಿಡಿದಿದೆ ಶಿವಣ್ಣ, ಕೊಡವಿ ಇಡ್ತೇನೆ. ಅವರು ಬರುವಾಗ..."

"ಕೋಟು ಮುಟ್ಟಬೇಡ!"

ಅವಳು ಬೆಚ್ಚಿ ಕೈ ತೆಗೆದಳು.

*

ಬಂಟ್ವಾಳದ ಹೊಳೆಬದಿಯ ಓಣಿ. ಪೊಲೀಸ್ ಜೀಪು ನಿಂತದ್ದೇ ಅಕ್ಕಪಕ್ಕದ ಕಿಟಕಿಗಳು ತೆರೆದವು. ರುಖಿಯಮ್ಮ ಜಗಲಿಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಸುರುಟುತ್ತಿದ್ದರು. ಖಾಕಿ ನೋಡಿ ಅವರ ಕೈ ನಿಂತಿತು.

"ಇಮ್ತಿಯಾಝ್ ಎಲ್ಲಿ?"

ಹುಡುಗ ಒಳಗಿಂದ ಬಂದ. ಮುಖ ಬಿಳಿಚಿಕೊಂಡಿತ್ತು. ನವ್ಯಶ್ರೀ ಫೋನು ಮಾಡಿದ್ದಿರಬೇಕು.

"ನಾನು ತೆಗೀಲಿಲ್ಲ ಮೇಡಂ. ವೀಸಾ ಬಂದಿದೆ. ನನ್ನ ಮೇಲೆ ಕೇಸಿಲ್ಲ ಅಂತ ಪೊಲೀಸ್ ಸರ್ಟಿಫಿಕೇಟು ಒಂದು ಬಾಕಿ. ಈಗ ಕದಿಯಲಿಕ್ಕೆ ನನಗೆ ಹುಚ್ಚಾ?"

"ನಿನ್ನೆ ರಾತ್ರಿ ಎಲ್ಲಿದ್ದಿ?"

"ಮಾವನ ಮಗಳ ಮದುವೆ. ಹಾಲ್‌ನಲ್ಲಿ ಬಿರಿಯಾನಿ ಬಡಿಸ್ತಾ ಇದ್ದೆ. ಪಾತ್ರೆ ತೊಳೆದು ಅಲ್ಲೇ ಮಲಗಿದ್ದು. ವೀಡಿಯೋ ಉಂಟು."

"ಕೀಲಿ?"

"ಕೆಲಸ ಬಿಟ್ಟ ದಿನವೇ ಶಿವಣ್ಣನ ಕೈಗೆ ಕೊಟ್ಟೆ."

"ಸಾಕ್ಷಿ?"

"ಅವರೇ."

ಸಬೀಹಾ ಮೊರದಿಂದ ನೂಲು ತೆಗೆದು, ಬೀಡಿಯೆಲೆಯ ನಾಲ್ಕು ಚೂರುಗಳ ಜೊತೆ ಅವನ ಕೈಗಿತ್ತರು. "ಕಟ್ಟು."

ಅವನು ತಡವರಿಸಿದ. ಎರಡು ಗಂಟು ಹಾಕಿದ. ಎಲೆ ಹರಿಯಿತು. ಅಷ್ಟರಲ್ಲಿ ಕೆಮ್ಮು ಹಿಡಿಯಿತು.

ಆ ಭಯದಲ್ಲೂ ರುಖಿಯಮ್ಮನಿಗೆ ನಗು ತಡೆಯಲಿಲ್ಲ. "ಅವನಿಗೆಲ್ಲಿ ಬರ್ತದೆ ಮಗಳೇ? ಹೊಗೆಸೊಪ್ಪಿನ ಹುಡಿ ಅವನಿಗೆ ಆಗುದಿಲ್ಲ. ಸಣ್ಣದಿರುವಾಗಲೇ ದಮ್ಮು. ಮೊರದ ಹತ್ತಿರ ಕೂರಲಿಕ್ಕೆ ನಾನು ಬಿಟ್ಟವಳೇ ಅಲ್ಲ. ಅವನ ಧಣಿ ವಾಸಿ."

"ಯಾವ ಧಣಿ?"

"ಶಿವಕೃಷ್ಣ. ಇವನನ್ನು ಕೆಲಸಕ್ಕೆ ಕೇಳಲಿಕ್ಕೆ ಬಂದಿದ್ದ. ಇಲ್ಲೇ ಕೂತ. ಮಾತಾಡ್ತಾ ಮಾತಾಡ್ತಾ ನನ್ನ ಒಂದು ಕಟ್ಟು ಬೀಡಿಗೆ ನೂಲು ಸುತ್ತಿದ. ಎಂತ ಕೈ! ಕೇಳಿದೆ. ನಾರಾವಿಯಲ್ಲಿ ಅಜ್ಜಿಯ ಜೊತೆ ಕಟ್ಟಿಯೇ ಫೀಸು ಕಟ್ಟಿದ್ದು ಅಂದ. ಒಳ್ಳೆಯ ಹುಡುಗ, ಪಾಪ."

ಸಬೀಹಾ ಜಗಲಿಯ ಅಂಚಿನಲ್ಲಿ ಕುಳಿತರು.

"ಇಮ್ತಿಯಾಝ್, ಆ ಬೋರ್ಡು ಹೇಗಿತ್ತು?"

"ಮೇಲೆ ಪೂರ್ತಿ ಕಪ್ಪು ಅಂಟು ಸುರಿದಿದ್ರು. ನೀರು ಹೋಗದ ಹಾಗೆ ಅಂತ. ಒಮ್ಮೆ ತುಂಬ ಬಿಸಿಯಾಯಿತು. ಅಂಟು ಕೆರೆದು ನೋಡುವ ಅಂತ ಹೋದೆ. ಶಿವಣ್ಣ ಕೈಗೆ ಹೊಡೆದ್ರು. ಒಂದು ದಿನವೂ ಗದರಿದವರಲ್ಲ ಅವರು."

ಸಬೀಹಾ ಜೀಪಿಗೆ ಬಂದು ಹೂಡಿಕೆ ಸಂಸ್ಥೆಯ ಕೇಶವಪ್ರಸಾದರಿಗೆ ಫೋನು ಹಚ್ಚಿದರು. ಅವರು ವಿಮಾನ ನಿಲ್ದಾಣದಿಂದ ಹೊರಟಾಗಿತ್ತು.

"ಇವತ್ತಿನ ಕಾರ್ಯಕ್ರಮ ಏನಿತ್ತು ಸರ್?"

"ಡ್ರೋನ್ ಹಾರಿಸಿ ತೋರಿಸುವುದು. ಆಮೇಲೆ ಬೋರ್ಡು ಬಿಚ್ಚಿ ಪರೀಕ್ಷೆ. ನಮ್ಮ ಜೊತೆ ಪರೀಕ್ಷಕರಿದ್ದಾರೆ."

"ಬಿಚ್ಚುವುದು ಮೊದಲೇ ಗೊತ್ತಿತ್ತಾ ಅವರಿಗೆ?"

"ಇಲ್ಲ. ನಿನ್ನೆ ಸಂಜೆ ತೀರ್ಮಾನವಾಯಿತು. ಶಿವಕೃಷ್ಣರಿಗೆ ನಾನೇ ಫೋನಿನಲ್ಲಿ ಹೇಳಿದೆ."

ಚಾಲಕ ಶಂಭು ಕೇಳಿದ, "ಹುಡುಗನನ್ನು ಹತ್ತಿಸುದಾ ಮೇಡಂ?"

"ಬೇಡ. ಮಿಜಾರಿಗೆ ಬಿಡು. ಬೇಗ."

*

ಅವರು ತಲಪುವಾಗ ಕೇಶವಪ್ರಸಾದರು ಬಂದಾಗಿತ್ತು. ಜೊತೆಗೆ ಪರೀಕ್ಷಕರು, ಸೇನೆಯಿಂದ ನಿವೃತ್ತರಾದ ಎಂಜಿನಿಯರ್. ಶಿವಕೃಷ್ಣ ಅವರ ಮುಂದೆ ಬೆವರುತ್ತ ನಿಂತಿದ್ದ. ಕೋಟು ಇನ್ನೂ ಮೊಳೆಯಲ್ಲೇ ಇತ್ತು.

"ಸರ್, ಕದಿಯುವಷ್ಟು ಬೆಲೆ ಉಂಟು ಅಂತ ಇದರಿಂದಲೇ ಗೊತ್ತಾಗುದಿಲ್ವಾ? ಆರು ತಿಂಗಳು ಕೊಡಿ. ಹೊಸ ಬೋರ್ಡು ಮಾಡ್ತೇನೆ. ಮೊದಲ ಕಂತು ಮಾತ್ರ ಈಗ ಬಿಡುಗಡೆ ಮಾಡಿ. ನೀವೂ ಹೋದ್ರೆ ನಾವು ಸತ್ತ ಹಾಗೆ."

ಕೇಶವಪ್ರಸಾದರ ಮುಖ ಸ್ವಲ್ಪ ಸಡಿಲಾಗಿತ್ತು. ಅವರು ಪರೀಕ್ಷಕರ ಕಡೆ ನೋಡಿದರು.

ಸಬೀಹಾ ನೇರ ಮೇಜಿನ ಹತ್ತಿರ ಹೋದರು. ಕಪಾಟಿನಿಂದ ಒಂದು ಹಿಡಿ ಬಿಡಿ ವಯರು ತೆಗೆದು, ನೂಲಿನ ಉಂಡೆಯ ಜೊತೆ ಶಿವಕೃಷ್ಣನ ಕೈಗೆ ತುರುಕಿದರು.

"ಇದನ್ನು ಠಾಣೆಗೆ ಕೊಂಡುಹೋಗಬೇಕು. ಚದುರುತ್ತದೆ. ಒಂದು ಕಟ್ಟು ಹಾಕಿ ಕೊಡಿ."

"ಆಯ್ತು ಮೇಡಂ. ಸರ್, ನಾನು ಹೇಳುದು ಕೇಳಿ, ಆರು ತಿಂಗಳೂ ಬೇಡ, ನಾಲ್ಕು ಸಾಕು..."

ಬಾಯಿ ಬೇಡುತ್ತಿತ್ತು. ಕೈ ತನ್ನ ಕೆಲಸ ಮಾಡಿತು. ವಯರು ಬೆರಳುಗಳ ನಡುವೆ ಒಮ್ಮೆ ಉರುಳಿ ಒಂದಾಯಿತು. ನೂಲು ಸುತ್ತಿತು. ಹೆಬ್ಬೆರಳು ತುದಿಯನ್ನು ಒಳಗೆ ನುಗ್ಗಿಸಿತು. ಒಂದು ಎಳೆತ.

"ತಗೊಳ್ಳಿ," ಎಂದ.

ಸಬೀಹಾ ಅದನ್ನು ಡ್ರೋನಿನೊಳಗಿನ ಕಟ್ಟಿನ ಪಕ್ಕ ಇಟ್ಟರು. ಎರಡೂ ಒಂದೇ. ಅವಳಿ ಮಕ್ಕಳ ಹಾಗೆ.

"ಬೀಡಿ ಕಟ್ಟಿದ ಕೈ. ನನ್ನದೂ ಅದೇ, ಹಾಗಾಗಿ ಗೊತ್ತಾಯಿತು. ಇಮ್ತಿಯಾಝ್‌ಗೆ ಈ ಕಟ್ಟು ಬರುವುದಿಲ್ಲ. ಅವನು ನಿನ್ನೆ ಮದುವೆಯ ಹಾಲ್‌ನಲ್ಲಿದ್ದ."

"ಎಂತ ಹೇಳ್ತಿದ್ದೀರಿ ಮೇಡಂ?"

"ಕೇಳಿ. ಕಳ್ಳನಾದವನು ವಯರು ಹರಿದು ಹೋಗ್ತಾನೆ. ಇವನು ಒಂದೊಂದನ್ನೂ ಬಿಡಿಸಿ ಕಟ್ಟಿಟ್ಟಿದ್ದಾನೆ. ಯಾಕೆ? ಯಂತ್ರಕ್ಕೆ ಪೆಟ್ಟಾಗಬಾರದು. ನಾಳೆ ಮತ್ತೆ ಅವನಿಗೇ ಬೇಕು. ಬೆಲೆಬಾಳುವ ಕ್ಯಾಮೆರಾ ಬಿಟ್ಟ, ಯಾಕಂದ್ರೆ ಅವನಿಗೆ ಬೇಕಾದ್ದು ದುಡ್ಡಲ್ಲ. ಬೋರ್ಡು ಯಾರ ಕಣ್ಣಿಗೂ ಬೀಳಬಾರದು. ಇವತ್ತು ಅದನ್ನು ಬಿಚ್ಚುತ್ತಾರೆ ಅಂತ ನಿನ್ನೆ ಸಂಜೆ ಇಲ್ಲಿ ಗೊತ್ತಿದ್ದದ್ದು ಒಬ್ಬರಿಗೆ. ನಿಮಗೆ. ನವ್ಯಶ್ರೀ, ನಿಮಗೆ ಹೇಳಿದ್ರಾ ಇವರು?"

"ಇಲ್ಲ." ಅವಳು ಶಿವಕೃಷ್ಣನ ಕಡೆ ತಿರುಗಿದಳು.

"ಕಳ್ಳತನದ ಹಾಗೆ ಕಾಣಲಿ ಅಂತ ಚಿಲಕ ನೀವೇ ಕಿತ್ತಿರಿ; ಕೀಲಿ ಇದ್ದವನು ಅದನ್ನು ಕೀಳಬೇಕಾಗಿಲ್ಲ. ಬೆಳಿಗ್ಗೆ ಇವರು ಕೋಟು ಮುಟ್ಟಿದಾಗ ಬೊಬ್ಬೆ ಹೊಡೆದಿರಿ. ಈಗ ಅದರ ಜೇಬು ನೀವು ತೆಗೀತೀರಾ, ನಾನು ತೆಗೀಬೇಕಾ?"

ಶಿವಕೃಷ್ಣ ಗೋಡೆಯ ಬಳಿ ಹೋದ. ಹೂಡಿಕೆದಾರರ ಎದುರು ಹಾಕಲೆಂದೇ ಹೊಲಿಸಿದ ಕೋಟು. ಒಳಜೇಬಿನಿಂದ ಕಪ್ಪು ಬಿಲ್ಲೆಯೊಂದನ್ನು ತೆಗೆದು ಮೇಜಿನ ಮೇಲಿಟ್ಟ.

ಪರೀಕ್ಷಕರು ಚಾಕುವಿನಿಂದ ಅಂಟು ಕೆರೆದರು. ಒಂದು ಮೂಲೆ ಬಿಟ್ಟುಕೊಂಡಿತು. ಅಡಿಯಲ್ಲಿ ಚೀನಾದ ಅಕ್ಷರಗಳು. ಕಂಪನಿಯ ಪರಿಚಯಪತ್ರದ ಪ್ರತಿ ಪುಟದಲ್ಲೂ 'ಸಂಪೂರ್ಣ ಸ್ವದೇಶಿ' ಎಂದಿತ್ತು. ಇಂಥ ಬೋರ್ಡು ಇರುವ ಡ್ರೋನನ್ನು ಸೇನೆ ಬಾಗಿಲೊಳಗೆ ಬಿಡುವುದಿಲ್ಲ.

"ನಮ್ಮದೇ ಬೋರ್ಡು ಮಾಡಿದ್ದೆ ಸರ್," ಶಿವಕೃಷ್ಣ ಅಂದ. "ಮೂರು ಸಲ ಮಾಡಿದೆ. ಮೂರೂ ಸುಟ್ಟುಹೋಯಿತು. ನಾಲ್ಕನೆಯದಕ್ಕೆ ಕೈಯಲ್ಲಿ ಏನೂ ಇರಲಿಲ್ಲ. ಇದನ್ನು ಹಾಕಿ ಹಾರಿಸುವ, ಬಂಡವಾಳ ಬಂದ ಮೇಲೆ ಬದಲಿಸುವ ಅಂತ..."

ಕೇಶವಪ್ರಸಾದರು ಬ್ಯಾಗಿನ ಜಿಪ್ಪು ಎಳೆದರು. "ಇದೇ ಮಾತನ್ನು ಮೊದಲ ದಿನ ಹೇಳಬಾರದಿತ್ತೇ ಶಿವಕೃಷ್ಣ? ಬೋರ್ಡು ನಮ್ಮದಲ್ಲ, ಅದನ್ನು ಮಾಡಲಿಕ್ಕೇ ಬಂಡವಾಳ ಬೇಕು ಅಂತ. ನಾವು ಹಣ ಹಾಕುವುದೇ ಅಂಥದ್ದಕ್ಕೆ. ನವ್ಯಶ್ರೀಯವರ ತಂತ್ರಾಂಶ ನೋಡಿಯೇ ನಾನು ಬಂದದ್ದು."

ಅವರೂ ಪರೀಕ್ಷಕರೂ ಕಾರು ಹತ್ತಿ ಹೋದರು. ಕಾರಿನ ಸದ್ದು ಹೆದ್ದಾರಿಯಲ್ಲಿ ಕರಗಿತು.

"ಸುಳ್ಳು ದೂರು ಕೊಟ್ಟದ್ದಕ್ಕೆ ಠಾಣೆಗೆ ಬರಬೇಕಾಗ್ತದೆ," ಸಬೀಹಾ ಅಂದರು. "ಆ ಹುಡುಗನ ಸರ್ಟಿಫಿಕೇಟು ನಾನೇ ನಿಂತು ಮಾಡಿಸ್ತೇನೆ."

ನವ್ಯಶ್ರೀ ಬೋರ್ಡನ್ನು ನೋಡುತ್ತಿರಲಿಲ್ಲ. ಶಿವಕೃಷ್ಣನನ್ನೇ ನೋಡುತ್ತಿದ್ದಳು.

"ಬೋರ್ಡು ಬಿಡು. ಮೂರು ಸುಟ್ಟದ್ದು ನನಗೂ ಗೊತ್ತುಂಟು. ನಾನೂ ಇಲ್ಲೇ ಕೂತು ಅತ್ತಿದ್ದೇನೆ. ಇಮ್ತಿಯಾಝ್‌ನನ್ನು ಜೈಲಿಗೆ ಕಳಿಸುವವನಿದ್ದಿಯಾ?"

"ಎರಡು ದಿನ, ನವ್ಯಾ. ಇವರು ಒಪ್ಪುವ ತನಕ. ಆಮೇಲೆ ದೂರು ವಾಪಸು ತಗೊಳ್ತಿದ್ದೆ. ನಮ್ಮ ಕಂಪನಿ ಉಳಿಯಬೇಕಿತ್ತಲ್ಲ. ನಿನಗಾಗಿಯೂ..."

"ಅವನ ಮನೆಯಲ್ಲಿ ಉಂಡಿದ್ದೇವೆ ನಾವು."

ಅವಳು ಲ್ಯಾಪ್‌ಟಾಪ್ ಮುಚ್ಚಿ ಚೀಲಕ್ಕೆ ಹಾಕಿದಳು. ಬುತ್ತಿಪಾತ್ರೆ ತೆಗೆದುಕೊಂಡಳು. ಕುತ್ತಿಗೆಯ ದಾರದಿಂದ ಕೀಲಿ ಬಿಚ್ಚಿ ಮೇಜಿನ ಮೇಲೆ, ಆ ಎರಡು ಕಟ್ಟುಗಳ ಪಕ್ಕ ಇಟ್ಟಳು.

"ನವ್ಯಾ, ಕೂತು ಮಾತಾಡುವ. ನೀನಿಲ್ಲದಿದ್ರೆ ಇದು ಹಾರುದಿಲ್ಲ."

ಅವಳು ಆಗಲೇ ಅಂಗಳದಲ್ಲಿದ್ದಳು. ಒಳಗೆ ಮಾತ್ರ ಹಾಕುವ ನೀಲಿ ರಬ್ಬರ್ ಚಪ್ಪಲಿಯಲ್ಲೇ ಹೊರಟಿದ್ದಳು. ಗೇಟಿನ ಹೊರಗೆ ಬೆಳ್ತಂಗಡಿಯ ಬಸ್ಸಿಗೆ ಕೈ ಅಡ್ಡ ಹಿಡಿದಳು. ಬಸ್ಸು ನಿಂತಿತು.

"ಹೊರಗೆ ಹಾಕುವ ಚಪ್ಪಲಿ ಹೊಸ್ತಿಲಲ್ಲೇ ಬಿಟ್ಟು ಹೋಗಿದ್ದಾಳೆ ಮೇಡಂ," ಶಿವಕೃಷ್ಣ ಬಾಗಿಲಿನತ್ತ ನೋಡುತ್ತ ಹೇಳಿದ. "ಅದಕ್ಕಾದರೂ ಬರ್ತಾಳೆ."

ಸಬೀಹಾ ಮೇಜಿನಿಂದ ಬೋರ್ಡು ಎತ್ತಿಕೊಂಡರು.

ಮಳೆಗಾಲ ಕಳೆದು ಕಾರ್ಖಾನೆಯನ್ನು ಬೇರೆಯವರಿಗೆ ಬಾಡಿಗೆಗೆ ಕೊಡುವಾಗಲೂ ಆ ಚಪ್ಪಲಿ ಹೊಸ್ತಿಲ ಹೊರಗೆ ಹಾಗೇ ಇತ್ತು, ಹಸಿರು ಹಾವಸೆ ಹಿಡಿದು.